ಮಂದಾಕಿನಿಯ ಹೊಟ್ಟೆಯಲ್ಲಿ ಉಳಿದದ್ದು

ಮಂದಾಕಿನಿಯ ಕರುಳಿನಲ್ಲಿ ಇದ್ದದ್ದು ಆ ಕಾಲಕ್ಕೆ ಇಡೀ ರಾಜ್ಯದಲ್ಲಿ ಬೇರೆ ಯಾರ ಕರುಳಿನಲ್ಲೂ ಉಳಿದಿರಲಿಲ್ಲ. ಅದನ್ನು ಕಂಡುಹಿಡಿದವಳು ಅವಳ ಸ್ವಂತ ಅಕ್ಕ ಶಿವಲೀಲಾ.

ಆ ವರ್ಷಗಳಲ್ಲಿ ಹುಟ್ಟುತ್ತಿದ್ದ ಎಷ್ಟೋ ಮಕ್ಕಳಿಗೆ ಬರಿಗರುಳು ಎಂಬ ಕಾಯಿಲೆ ಇರುತ್ತಿತ್ತು. ಅವರ ಅಜ್ಜ ಅಜ್ಜಿಯರು ನೆಗಡಿಗೂ ಆಂಟಿಬಯೋಟಿಕ್ ನುಂಗಿದ್ದರು. ಕೋಳಿಗೆ, ಎಮ್ಮೆಗೆ, ಮೀನಿಗೆ ಅದೇ ಔಷಧ ಬಿದ್ದಿತ್ತು, ಕುಡಿಯುವ ನೀರಿಗೂ ಅದು ಇಳಿದಿತ್ತು. ಮನುಷ್ಯನ ಕರುಳಿನಲ್ಲಿ ವಾಸವಾಗಿರುವ ಸೂಕ್ಷ್ಮಜೀವಿಗಳ ಸಂಸಾರ ಹೆರಿಗೆಯಲ್ಲಿ ತಾಯಿಯಿಂದ ಮಗುವಿಗೆ ದಾಟುತ್ತದೆ. ಅದು ಪ್ರತಿ ತಲೆಮಾರಿನಲ್ಲೂ ಬಡವಾಗುತ್ತ ಬಂದು, ಕೊನೆಗೆ ದಾಟುವುದಕ್ಕೆ ಏನೂ ಇಲ್ಲದಂತಾಯಿತು. ಅಂಥ ಮಗು ಎದೆಹಾಲು ಕುಡಿಯುತ್ತಿತ್ತು, ಕುಡಿದದ್ದು ಹಾಗೇ ನೀರಾಗಿ ಹೋಗುತ್ತಿತ್ತು. ಹೊಟ್ಟೆ ಉಬ್ಬಿ, ಕೈಕಾಲು ಕಡ್ಡಿಯಾಗಿ, ಹೆಚ್ಚಿನ ಮಕ್ಕಳು ನಡೆಯಲು ಕಲಿಯುವ ಮೊದಲೇ ಸಾಯುತ್ತಿದ್ದವು.

ಶಿವಲೀಲಾ ಗದಗದಲ್ಲಿ ಸೂಕ್ಷ್ಮಜೀವಿ ವಿಜ್ಞಾನಿಯಾಗಿದ್ದಳು. ಅವಳ ಗಂಡ ಮಹಾಂತೇಶ ಕಪ್ಪತಗುಡ್ಡದ ಕಡೆ ಗಾಳಿಯಂತ್ರಗಳ ದುರಸ್ತಿ ಮಾಡುತ್ತಿದ್ದ. ಅವರ ಮಗಳು ಮುಕ್ತಾ ಬರಿಗರುಳಿನಿಂದಲೇ ಹುಟ್ಟಿದಳು. ಮಗು ಒಣಗುತ್ತಿರುವುದನ್ನು ನೋಡಲಾರದೆ ಶಿವಲೀಲಾ ತನ್ನ ಬಳಗದವರನ್ನೆಲ್ಲ ಪರೀಕ್ಷೆ ಮಾಡಿದಳು. ತನ್ನ ಕರುಳು, ಗಂಡನದು, ಅತ್ತೆಯದು, ಎಲ್ಲವೂ ಅರ್ಧಂಬರ್ಧ. ತಂಗಿ ಮಂದಾಕಿನಿಯದು ಮಾತ್ರ ತುಂಬಿತ್ತು.

ಮಂದಾಕಿನಿ ಗದಗ-ಲಕ್ಷ್ಮೇಶ್ವರ ಬಸ್ಸಿನ ಕಂಡಕ್ಟರ್. ಬಸ್ಸಿನ ಹಿಂಬದಿಯಿಂದ ಕೂಗಿದರೆ ಡ್ರೈವರಿಗಷ್ಟೇ ಅಲ್ಲ, ಮುಂದಿನ ನಿಲ್ದಾಣದವರಿಗೂ ಕೇಳಬೇಕು, ಅಂಥ ದನಿ. ಗಿರ್ಮಿಟ್ಟು, ಮಿರ್ಚಿ, ಯಾರೋ ಪ್ರಯಾಣಿಕರು ಕೊಟ್ಟ ಸೌತೆಕಾಯಿ, ಏನು ಕಂಡರೂ ತಿನ್ನುತ್ತಿದ್ದಳು. ಜ್ವರ ಬಂದರೆ ಮಲಗಿ ಎದ್ದುಬಿಡುತ್ತಿದ್ದಳೇ ಹೊರತು ಗುಳಿಗೆ ನುಂಗಿದವಳಲ್ಲ.

ಅವಳ ಕರುಳಿನಲ್ಲಿ ಶಿವಲೀಲಾ ಕಂಡದ್ದು ಎಳೆಯಂತೆ ಉದ್ದಕ್ಕಿರುವ ಒಂದು ಬ್ಯಾಕ್ಟೀರಿಯಾ. ಅದನ್ನು ಅವಳು ತಂತು ಎಂದು ಕರೆದಳು. ಒಂದು ಜೀವಿ ಬಿಟ್ಟದ್ದನ್ನು ಇನ್ನೊಂದು ತಿಂದು ಬದುಕುವ ಆ ಕೂಡುಸಂಸಾರದಲ್ಲಿ ಯಾವುದೂ ಅತಿಯಾಗದಂತೆ, ಯಾವುದೂ ಅಳಿಯದಂತೆ ಹಿಡಿದಿಡುತ್ತಿದ್ದುದು ತಂತು. ಅದಿದ್ದರೆ ಉಳಿದವು ನಿಲ್ಲುತ್ತಿದ್ದವು, ಇಲ್ಲದಿದ್ದರೆ ಎಷ್ಟು ತುಂಬಿದರೂ ಚೆದುರಿಹೋಗುತ್ತಿದ್ದವು. ಗಾಜಿನ ಪಾತ್ರೆಯಲ್ಲಿ ಅದು ಬೆಳೆಯುತ್ತಿರಲಿಲ್ಲ. ಹೆಪ್ಪುಗಟ್ಟಿಸಿಟ್ಟರೆ ಬಹುಪಾಲು ಸಾಯುತ್ತಿತ್ತು. ಅದಕ್ಕೆ ಮನುಷ್ಯನ ಕರುಳೇ ಬೇಕಿತ್ತು.

ತಂಗಿಯ ಮಲವನ್ನು ಸೋಸಿ, ತೊಳೆದು, ಶಿವಲೀಲಾ ನಳಿಕೆಯ ಮೂಲಕ ಮಗಳ ಕರುಳಿಗೆ ನೇರವಾಗಿ ಬಿಟ್ಟಳು. ಒಂದು ತಿಂಗಳಲ್ಲಿ ಮುಕ್ತಾಳ ಕೆನ್ನೆ ತುಂಬಿಕೊಂಡಿತು.

ಸುದ್ದಿ ಹಬ್ಬಿತು. ಎಲ್ಲೆಲ್ಲಿಂದಲೋ ತಾಯಂದಿರು ಬಂದು ಶಿವಲೀಲಾಳ ಮನೆಯ ಮುಂದೆ ಕೂತರು. ಸರಕಾರ ಗದಗದಲ್ಲೇ ಕರುಳು ಸಮತೋಲ ಕೇಂದ್ರ ತೆರೆಯಿತು. ಆಮೇಲೆ ಕಾಯ್ದೆಯೂ ಬಂತು. ಕರುಳಿನಲ್ಲಿ ತಂತು ಪೂರ್ತಿಯಾಗಿ ಇರುವವರು ರಕ್ಷಿತ ದಾನಿಗಳು, ಅವರು ಕೇಂದ್ರದಲ್ಲೇ ಇರತಕ್ಕದ್ದು. ಮಂದಾಕಿನಿ ಸ್ವಂತ ಮನಸ್ಸಿನಿಂದಲೇ ಒಳಗೆ ಹೋಗಿದ್ದಳು. ಹೊರಗೆ ಬರುವುದು ಅವಳ ಮನಸ್ಸಿಗೆ ಬಿಟ್ಟದ್ದಾಗಿರಲಿಲ್ಲ.

ಆರು ವರ್ಷ ಅವಳು ಒಂದು ಕೋಣೆ, ಒಂದು ಅಂಗಳದಲ್ಲಿ ಬದುಕಿದಳು. ಉಪ್ಪು ಕಡಿಮೆ ಹಾಕಿದ ಜೋಳದ ನುಚ್ಚು, ಬೇಯಿಸಿದ ಕಡಲೆ, ಸೊಪ್ಪು. ಖಾರವಿಲ್ಲ, ಚಹವಿಲ್ಲ. ನೋಡಲು ಬಂದವರು ಗಾಜಿನ ಆಚೆ ನಿಲ್ಲಬೇಕು. ಮದುವೆ ಮಾತಾಗಿದ್ದ ಡ್ರೈವರ್ ಫಕೀರೇಶ ಮೊದಲು ವಾರಕ್ಕೊಮ್ಮೆ ಬರುತ್ತಿದ್ದ, ಆಮೇಲೆ ಹಬ್ಬಕ್ಕೆ ಬಂದ, ಆಮೇಲೆ ತನ್ನ ಮದುವೆಯ ಕರೆಯೋಲೆ ಕಳಿಸಿದ.

"ಎಮ್ಮಿನ್ನ ಹಾಲಿಗಂತ ಕಟ್ತಾರ, ನನ್ನ ಸಗಣಿಗಂತ ಕಟ್ಯಾರ ನೋಡಕ್ಕಾ," ಎಂದು ಮಂದಾಕಿನಿ ನಗುತ್ತಿದ್ದಳು. ಅವಳನ್ನು ಗವಸಿಲ್ಲದೆ ಮುಟ್ಟುವಂತಿರಲಿಲ್ಲವಾದ್ದರಿಂದ ಶಿವಲೀಲಾ ರಬ್ಬರಿನ ಕೈಯಿಂದ ಅವಳ ತಲೆ ಬಾಚುತ್ತಿದ್ದಳು.

ಪ್ರತಿದಿನ ಮುಂಜಾನೆ ಮಂದಾಕಿನಿ ಕೊಟ್ಟದ್ದರಿಂದ ಶಿವಲೀಲಾ ತಾಜಾ ಕ್ಯಾಪ್ಸೂಲ್ ಮಾಡುತ್ತಿದ್ದಳು. ಒಂದು ಮಗುವಿನಲ್ಲಿ ಸಂಸಾರ ಬೇರೂರಲು ಎರಡು ಮೂರು ವರ್ಷ ಬೇಕಾಗುತ್ತಿತ್ತು. ಹಾಗೆ ಕ್ಯಾಪ್ಸೂಲ್ ನಂಬಿಕೊಂಡಿದ್ದ ಮಕ್ಕಳು ಇನ್ನೂರಕ್ಕೂ ಹೆಚ್ಚು.

ಆರನೆಯ ವರ್ಷದ ಬೇಸಿಗೆಯಲ್ಲಿ ಮಂದಾಕಿನಿಗೆ ಮೂತ್ರ ಉರಿಯತೊಡಗಿತು. ಮರುದಿನ ಚಳಿಜ್ವರ, ಬೆನ್ನಿನ ಒಂದು ಮಗ್ಗುಲಲ್ಲಿ ಕೈ ಇಡಗೊಡದಷ್ಟು ನೋವು. ಸೋಂಕು ಮೂತ್ರಪಿಂಡಕ್ಕೆ ಏರಿತ್ತು.

ಕೇಂದ್ರದ ನಿರ್ದೇಶಕರಾದ ಡಾಕ್ಟರ್ ಹೊಸಮನಿ ಶಿವಲೀಲಾಳನ್ನು ತಮ್ಮ ಕೋಣೆಗೆ ಕರೆದರು. ಕೆಟ್ಟ ಮನುಷ್ಯರಲ್ಲ. ಅವರ ಮೊಮ್ಮಗನೂ ಬರಿಗರುಳಿನಿಂದಲೇ ತೀರಿಕೊಂಡಿದ್ದ.

"ಆಂಟಿಬಯೋಟಿಕ್ ಕೊಟ್ರ ತಂತು ಹೋಗ್ತದ ಮೇಡಮ್. ನಿಮಗ ನಾ ಹೇಳಬೇಕಾಗಿಲ್ಲ," ಎಂದರು. "ಸೋಂಕಿನ ಆ ಕ್ರಿಮಿ ಒಂದನ್ನ ಅಷ್ಟ ಕೊಲ್ಲೋ ವೈರಸ್ ತರಸಾಕತ್ತೀನಿ. ಅದು ಬರೂತನಕ ತಡೀರಿ."

"ಅಷ್ಟರಾಗ ನಂಜು ರಕ್ತಕ್ಕ ಏರಿದ್ರ?"

"ಏರದಂಗ ದೇವರು ನೋಡ್ಲಿ. ಅಕಿ ಒಬ್ಬಾಕಿ, ಮಕ್ಕಳು ಇನ್ನೂರ ಅದಾವ."

ಶಿವಲೀಲಾ ಒಪ್ಪಿದಳು. ತಂಗಿಗೆ ಕೊಟ್ಟದ್ದು ಬರೀ ಸಲೈನ್, ಜ್ವರದ ಗುಳಿಗೆ.

"ಔಷಧ ಹಾಕ್ಯಾರೇನಕ್ಕಾ?" ಎಂದು ಮಂದಾಕಿನಿ ಹಲ್ಲು ಕಟಕಟಿಸುತ್ತ ಕೇಳಿದಳು.

"ಹಾಕೀವಿ."

"ಹಂಗಾದ್ರ ಜ್ವರ ಯಾಕ ಇಳೀವಲ್ದು?"

ವೈರಸ್ ಬಂತು. ಕೊಟ್ಟರು. ಅದು ಹಿಡಿಯಲಿಲ್ಲ. ಮಂದಾಕಿನಿಯ ರಕ್ತದೊತ್ತಡ ಇಳಿಯತೊಡಗಿತು. ಅಂಥದ್ದರಲ್ಲೂ ಹೊಸಮನಿಯವರು ದಾಸ್ತಾನು ಹೆಚ್ಚಿಸಬೇಕೆಂದು ಭೇದಿಯ ಔಷಧ ಕೊಡಿಸಿ ದಿನಕ್ಕೆರಡು ಸಲ ಪಾತ್ರೆ ಹಿಡಿಸಿದರು. ಇಬ್ಬರು ನರ್ಸುಗಳು ಕಂಕುಳಿಗೆ ಕೈಕೊಟ್ಟು ಎತ್ತಿ ಕೂರಿಸಿದಾಗ ಮಂದಾಕಿನಿ ಯಾರನ್ನೂ ಗುರುತಿಸಲಿಲ್ಲ. ಯಾವುದೋ ನಿಲ್ದಾಣದ ಹೆಸರು ಕೂಗುತ್ತಿದ್ದಳು. ದನಿ ಮಾತ್ರ ಬರುತ್ತಿರಲಿಲ್ಲ, ತುಟಿ ಆಡುತ್ತಿತ್ತು.

ಅದನ್ನು ಶಿವಲೀಲಾ ಬಾಗಿಲಲ್ಲಿ ನಿಂತು ನೋಡಿದಳು. ಔಷಧದ ಕಪಾಟು ತೆರೆದು, ಇದ್ದದ್ದರಲ್ಲಿ ಅತ್ಯಂತ ಬಲವಾದ ಆಂಟಿಬಯೋಟಿಕ್ ತೆಗೆದು, ಯಾರನ್ನೂ ಕೇಳದೆ ತಂಗಿಯ ನರಕ್ಕೆ ಹಾಕಿದಳು. ಮೊದಲ ನಾಲ್ಕು ದಿನ ತಾನೇ ಕಾವಲು ಕೂತು ಹಾಕಿದಳು.

ಹೊಸಮನಿ ಕೂಗಾಡಲಿಲ್ಲ. "ನಿಮ್ಮನ್ನ ಕೆಲಸದಿಂದ ತೆಗೀಬೇಕು," ಎಂದರು. "ತೆಗೆದ್ರ ಉಳದ ಕ್ಯಾಪ್ಸೂಲ್ ನೋಡವರು ಯಾರೂ ಇಲ್ಲ. ಹೋಗ್ರಿ."

ಮಂದಾಕಿನಿ ಬದುಕಿದಳು. ಒಂದು ಮೂತ್ರಪಿಂಡ ಹೋಯಿತು. ಕರುಳು ತೊಳೆದಿಟ್ಟ ಕೊಡದಂತಾಯಿತು. ತಂತು ಹೋಗಿತ್ತು, ಅದರ ಸಂಸಾರವೂ ಹೋಗಿತ್ತು. ದೊಡ್ಡವರಿಗೆ ಬರಿಗರುಳು ಸಾವಲ್ಲ, ಆದರೆ ಬಾಳುವೆಯೂ ಅಲ್ಲ. ರೊಟ್ಟಿ, ಅನ್ನ ಯಾವುದೂ ದಕ್ಕದು. ಮೊದಲೇ ಅರಗಿಸಿ ಒಣಗಿಸಿದ ಒಂದು ಹಿಟ್ಟನ್ನು ನೀರಿನಲ್ಲಿ ಕದಡಿ ಕುಡಿಯುತ್ತಿರಬೇಕು. ಆ ಹಿಟ್ಟಿಗೆ ಹಸಿ ಸುಣ್ಣದ ರುಚಿ.

"ಅಂದ್ರ ಇನ್ನ ನನ್ನ ಬಿಡ್ತಾರ?" ಎಂದು ಕೇಳಿದಳು ಮಂದಾಕಿನಿ.

"ಬಿಡ್ತಾರ. ನೀ ಇನ್ನ ದಾನಿ ಅಲ್ಲ. ತಿಂಗಳಿಗೊಮ್ಮೆ ಬಂದು ಪರೀಕ್ಷಾ ಮಾಡಿಸಿಕೊಂಡ್ರ ಸಾಕು."

ಮಂದಾಕಿನಿ ಗೋಡೆಗೆ ಮುಖ ತಿರುವಿ ಬಹಳ ಹೊತ್ತು ಅತ್ತಳು. ಅದು ದುಃಖವಲ್ಲ ಎಂಬುದು ಶಿವಲೀಲಾಳಿಗೆ ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಅವಳು ಅಕ್ಕನ ಮನೆಗೆ ಬಂದಳು. ಮೊದಲ ವಾರ ಹೊಸ್ತಿಲ ಮೇಲೆ ಕೂತು ಬೀದಿ ನೋಡಿದಳು. ಒಂಬತ್ತು ವರ್ಷದ ಮುಕ್ತಾ ಅವಳ ತೊಡೆಯ ಮೇಲೇ ಬೆಳೆದವಳಂತೆ ಅಂಟಿಕೊಂಡಳು. ಗಾಜಿನ ಆಚೆ ಕಂಡಿದ್ದ ಚಿಗವ್ವನ ಕೈ ಬೆಚ್ಚಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಬಸ್ಸಿನಲ್ಲಿ ನಿಂತು ಕೆಲಸ ಮಾಡುವ ಶಕ್ತಿ ಮಂದಾಕಿನಿಗೆ ಇರಲಿಲ್ಲ. ಡಿಪೋದವರು ಹಳೆಯ ಗೆಳೆತನ ನೆನೆದು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂರಿಸಿದರು.

"ಲಕ್ಷ್ಮೇಶ್ವರಕ್ಕ ಹೋಗುವ ಗಾಡಿ ಮೂರನೇ ಪ್ಲಾಟ್‌ಫಾರ್ಮಿಗೆ ಬಂದೈತಿ. ಸಾವಕಾಶ ಹತ್ರಿ, ನೂಕಬ್ಯಾಡ್ರಿ, ಎಲ್ಲಾರಿಗೂ ಸೀಟ ಸಿಗತಾವ!"

ಸಂಜೆ ಮನೆಗೆ ಬಂದು ಹಿಟ್ಟಿನ ನೀರು ಕುಡಿದು ಮುಖ ಕಿವುಚಿ, "ಇದೇನ ಹೊಲಸಕ್ಕಾ ಇದು," ಎಂದು ನಗುತ್ತಿದ್ದಳು. ತೂಕ ದಿನದಿನಕ್ಕೆ ಇಳಿಯುತ್ತಿತ್ತು. ಮೂರು ಮೆಟ್ಟಿಲು ಹತ್ತಿದರೆ ಏದುಸಿರು. ಆದರೂ ಇಷ್ಟು ಸಂತೋಷವಾಗಿರುವ ಮನುಷ್ಯರನ್ನು ಶಿವಲೀಲಾ ನೋಡಿರಲಿಲ್ಲ.

ಕೇಂದ್ರದಲ್ಲಿ ಹೆಪ್ಪುಗಟ್ಟಿಸಿಟ್ಟ ಕ್ಯಾಪ್ಸೂಲ್‌ಗಳು ದುರ್ಬಲವಾಗುತ್ತ ಬಂದವು. ಮಳೆಗಾಲದ ಹೊತ್ತಿಗೆ ಮಕ್ಕಳು ವಾಪಸು ವಾರ್ಡಿಗೆ ಬರತೊಡಗಿದವು. ಒಂದು ಮುಂಜಾನೆ ಶಿವಲೀಲಾ ಗೇಟು ದಾಟುವಾಗ ರೇಷ್ಮಾ ನದಾಫ್ ಎಂಬ ತಾಯಿ ಎದುರಾದಳು. ಬೆಟಗೇರಿಯವಳು. ಅವಳ ಮಗಳು ಹಿಂದಿನ ವಾರವಷ್ಟೇ ವಾರ್ಡಿಗೆ ಸೇರಿದ್ದಳು. ಈಗ ರೇಷ್ಮಾಳ ಕೈಯಲ್ಲಿ ಮಗು ಇರಲಿಲ್ಲ, ಮಗುವಿಗೆ ಹೊದಿಸುತ್ತಿದ್ದ ದುಪ್ಪಡಿ ಇತ್ತು.

ಶಿವಲೀಲಾ ಪಕ್ಕಕ್ಕೆ ಸರಿದು ದಾರಿ ಬಿಟ್ಟಳು.

"ನಿಮ್ಮ ತಂಗಿ ಆರಾಮದಾರೇನ್ರಿ?" ಎಂದು ಕೇಳಿದಳು ರೇಷ್ಮಾ.

"ಅದಾಳ."

"ಬಸ್ ಸ್ಟ್ಯಾಂಡಿನ್ಯಾಗ ಅವರ ದನಿ ಕೇಳಿದೆ. ಛಲೋ ಆತ್ರಿ. ಒಬ್ರರೆ ಉಳದ್ರಲ್ಲ." ಅವಳು ದುಪ್ಪಡಿಯನ್ನು ಮಡಚಿ ಕಂಕುಳಲ್ಲಿಟ್ಟುಕೊಂಡು ಹೊರಟಳು. ಆ ಮಾತಿನಲ್ಲಿ ಸಿಟ್ಟು ಇದ್ದಿದ್ದರೆ ಶಿವಲೀಲಾ ತಾಳಿಕೊಳ್ಳುತ್ತಿದ್ದಳು.

ಅದೇ ವಾರ ಹೊಸಮನಿ ಸಭೆ ಕರೆದರು. "ಬೇರೂರಿದ ಮಕ್ಕಳನ್ನೆಲ್ಲಾ ಪರೀಕ್ಷಾ ಮಾಡೋಣ. ಒಂದರಾಗರ ತಂತು ಪೂರ್ತಿ ಇರಬೇಕು. ಇದ್ರ ಆ ಮಗುವೇ ನಮ್ಮ ದಾನಿ."

"ಮಗುನ್ನ ಒಳಗ ಇಡ್ತೀರೇನ್ರಿ?" ಎಂದು ಕೇಳಿದಳು ಶಿವಲೀಲಾ.

"ಕಾಯ್ದೇದಾಗ ವಯಸ್ಸು ಬರದಿಲ್ಲ ಮೇಡಮ್."

ಪರೀಕ್ಷೆ ಶಿವಲೀಲಾಳದೇ ಕೆಲಸ. ಒಂದೊಂದಾಗಿ ಮಕ್ಕಳು ಬಂದವು. ಕ್ಯಾಪ್ಸೂಲ್ ತಿಂದು ಬೆಳೆದ ಆ ಮಕ್ಕಳಲ್ಲಿ ತಂತು ಇತ್ತು, ಆದರೆ ಸಣ್ಣಗೆ, ಆ ಮಗುವಿಗಷ್ಟೇ ಸಾಲುವಷ್ಟು. ನಳಿಕೆಯಿಂದ ನೇರವಾಗಿ ಪಡೆದವಳು ಮುಕ್ತಾ ಒಬ್ಬಳೇ. ಅವಳದನ್ನು ಯಂತ್ರಕ್ಕೆ ಹಾಕುವ ಮೊದಲೇ ಶಿವಲೀಲಾಳಿಗೆ ಗೊತ್ತಿತ್ತು. ಹಾಕಿ ನೋಡಿದಳು. ಪರದೆಯ ಮೇಲೆ ಆರು ವರ್ಷ ನೋಡಿದ್ದ ಅದೇ ಚಿತ್ರ ಮೂಡಿತು. ತಂಗಿಯ ಕರುಳು ಮಗಳ ಹೊಟ್ಟೆಯಲ್ಲಿ ಕುಂದಿಲ್ಲದೆ ಕೂತಿತ್ತು.

ಅವಳು ಆ ಮಾದರಿಯನ್ನು ಸುಟ್ಟುಹಾಕಿದಳು. ಮುಕ್ತಾಳ ಹೆಸರಿನ ಸೀಸೆಗೆ ಬೇರೊಂದು ಮಗುವಿನ ಮಲ ಹಾಕಿ ಹೊಸಮನಿಯವರ ಎದುರೇ ಪರೀಕ್ಷೆ ನಡೆಸಿದಳು. ತಂತು ಇತ್ತು, ಆದರೆ ಉಳಿದ ಮಕ್ಕಳಲ್ಲಿದ್ದಂತೆ ಸಣ್ಣಗೆ. ಅವರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು.

ಮಗಳು ಉಳಿದಳು. ಆದರೆ ವಾರ್ಡಿನ ಮಕ್ಕಳು ಸಾಯುತ್ತಿದ್ದವು, ಮತ್ತೆ ಪರೀಕ್ಷೆಯಾಗುವುದು ಖಂಡಿತ. ಇವತ್ತು ಮುಚ್ಚಿಟ್ಟದ್ದು ನಾಳೆ ಬೇರೆ ಯಾರೋ ಕೂತಾಗ ಹೊರಬೀಳುತ್ತದೆ. ಊಟಕ್ಕೆ ಕೂತಾಗ ಮುಕ್ತಾ ಮೂರನೆಯ ರೊಟ್ಟಿ ಕೇಳಿದಳು. ಪಕ್ಕದಲ್ಲಿ ಮಂದಾಕಿನಿ ಹಿಟ್ಟಿನ ನೀರು ಗುಟುಕರಿಸುತ್ತಿದ್ದಳು. ಇಬ್ಬರನ್ನೂ ನೋಡುತ್ತಿದ್ದ ಶಿವಲೀಲಾಳಿಗೆ ದಾರಿ ಹೊಳೆದದ್ದು ಆಗಲೇ.

ಖಾಲಿ ಕರುಳಿನಲ್ಲಿ ಎದುರಾಳಿಗಳು ಇರುವುದಿಲ್ಲ. ಬಿತ್ತಿದ್ದು ಬೇಗ ಹಿಡಿಯುತ್ತದೆ. ಅದೂ ಮೂಲತಃ ಮಂದಾಕಿನಿಯದೇ ತಂತು; ತನ್ನ ಹಳೆಯ ಮನೆಗೆ ಮರಳುವ ಅದಕ್ಕೆ ಮಕ್ಕಳಲ್ಲಿ ಬೇಕಾಗುವಷ್ಟು ವರ್ಷ ಬೇಕಿಲ್ಲ. ಯಾವ ಪರೀಕ್ಷೆಯೂ ಅದು ಬೇರೆಯವರ ಹೊಟ್ಟೆಯಿಂದ ಬಂತೆಂದು ಹೇಳಲಾರದು. ಎಲ್ಲೋ ಮಡಿಕೆಯಲ್ಲಿ ಅಡಗಿ ಉಳಿದದ್ದು ಮತ್ತೆ ಚಿಗುರಿತು ಎಂದರೆ ಹೊಸಮನಿ ಕಣ್ಣುಮುಚ್ಚಿ ನಂಬುತ್ತಾರೆ.

ಎರಡು ದಿನ ಅವಳು ಏನೂ ಮಾಡಲಿಲ್ಲ. ಮೂರನೆಯ ದಿನ ಮುಕ್ತಾಳಿಗೆ ಒಂದು ಪಾತ್ರೆ ಕೊಟ್ಟಳು.

"ಯಾಕವ್ವಾ ಇದರಾಗ?"

"ಹೊಟ್ಟ್ಯಾಗ ಹುಳ ಅದಾವೇನ ನೋಡ್ತೀನಿ."

"ಚಿಗವ್ವಗ ಹೇಳಬ್ಯಾಡ, ನಗತಾಳ," ಎಂದಳು ಮುಕ್ತಾ.

"ಹೇಳಂಗಿಲ್ಲ."

ಬಚ್ಚಲಿನ ಬಾಗಿಲು ಹಾಕಿಕೊಂಡು ಅವಳು ಸೋಸಿದಳು, ತೊಳೆದಳು. ವಾಸನೆ ಇರದ, ಬಣ್ಣ ಇರದ ಒಂದು ಚಮಚೆ ನೀರಷ್ಟೇ ಉಳಿಯಿತು. ಸಂಜೆ ಅದನ್ನು ತಂಗಿಯ ಲೋಟದಲ್ಲಿ ಬೆರೆಸಿದಳು. ಮಂದಾಕಿನಿ ಮೂಗು ಹಿಡಿದು ಒಂದೇ ಉಸಿರಿಗೆ ಕುಡಿದು, ಲೋಟ ಬೋರಲು ಹಾಕಿ, "ಮುಗೀತು ನೋಡವಾ ಇವತ್ತಿಂದು," ಎಂದಳು. ದಿನವೂ ಹಾಗೆ ನಡೆಯಿತು. ಮಹಾಂತೇಶನಿಗೂ ಗೊತ್ತಾಗಲಿಲ್ಲ.

ಕೆಲವು ವಾರ ಕಳೆದವು. ಒಂದು ಭಾನುವಾರ ಶಿವಲೀಲಾ ಬಟ್ಟೆ ಒಣಹಾಕುತ್ತಿದ್ದಾಗ ಮಂದಾಕಿನಿ ಓಡಿಬಂದಳು. ನಿಜವಾಗಿಯೂ ಓಡಿಬಂದಳು.

"ಅಕ್ಕಾ! ಮುಕ್ತಾನ ತಾಟಿನ್ಯಾಗಿಂದ ನಿನ್ನೆ ಅರ್ಧಾ ರೊಟ್ಟಿ ತಿಂದಿದ್ನಿ. ನಿನಗ ಹೇಳಿರಲಿಲ್ಲ, ಬೈತಿ ಅಂತ. ದಕ್ಕೇತಕ್ಕಾ! ಹೊಟ್ಟಿ ಒಂಚೂರೂ ನೂಸಿಲ್ಲ!" ಅವಳು ಅಕ್ಕನ ಎರಡೂ ಭುಜ ಹಿಡಿದು ಅಲ್ಲಾಡಿಸಿದಳು. "ನನಗ ಹಸಿವಿ ಆಗಾಕತ್ತೇತಿ, ಗೊತ್ತೇನ? ಖರೇ ಹಸಿವಿ!"

ಶಿವಲೀಲಾಳ ಕೈಯಿಂದ ಒದ್ದೆ ಸೀರೆ ಜಾರಿ ನೆಲಕ್ಕೆ ಬಿತ್ತು. "ಛಲೋ ಆತು," ಎಂದಳು.

ಆ ಸಂಜೆ ಮಂದಾಕಿನಿ ಬಿಸಿ ರೊಟ್ಟಿ, ಎಣ್ಣೆಗಾಯಿ, ಕೆಂಪು ಖಾರ ಎಲ್ಲ ತಿಂದಳು. ಬಿಕ್ಕಳಿಸುತ್ತ, ಮೂಗು ಒರೆಸಿಕೊಳ್ಳುತ್ತ ತಿಂದಳು. ಮುಕ್ತಾ ಚಪ್ಪಾಳೆ ತಟ್ಟಿದಳು. ಮಹಾಂತೇಶ, "ನಿಧಾನ ತಿನ್ನವಾ, ಯಾರೂ ಕಸಕೊಳ್ಳಂಗಿಲ್ಲ," ಎಂದು ಮತ್ತೊಂದು ರೊಟ್ಟಿ ಹಾಕಿದ.

ತಿಂಗಳ ಪರೀಕ್ಷೆಯ ದಿನ ಶಿವಲೀಲಾ ತಲೆನೋವೆಂದು ಮನೆಯಲ್ಲೇ ಉಳಿದಳು. ಹೊಸಮನಿಯವರೇ ಯಂತ್ರದ ಮುಂದೆ ಕೂತರು. ಆಮೇಲೆ ಅವರೇ ಫೋನ್ ಮಾಡಿದರು. "ಮೇಡಮ್, ಬಂದೇತಿ! ಪೂರ್ತಿ ಬಂದೇತಿ! ಎಲ್ಲೋ ಒಂದು ಮಡಿಕ್ಯಾಗ ಉಳದಿತ್ತು ಕಾಣಸ್ತದ. ನಿಮ್ಮ ತಂಗಿ ಹೊಟ್ಟಿ ಅಂದ್ರ ಹೊಟ್ಟಿ!"

ಕೇಂದ್ರದ ಗಾಡಿ ಬಸ್ ನಿಲ್ದಾಣಕ್ಕೆ ಹೋದಾಗ ಶಿವಲೀಲಾಳೂ ಅದರಲ್ಲಿದ್ದಳು. ತಾನೇ ಹೇಳುತ್ತೇನೆಂದು ಬಂದಿದ್ದಳು. ಆದರೆ ಹೇಳಬೇಕಾಗಲಿಲ್ಲ. ಗವಸು ಹಾಕಿದ ಇಬ್ಬರು ಬಾಗಿಲಲ್ಲಿ ನಿಂತದ್ದನ್ನು ನೋಡಿದ್ದೇ ಮಂದಾಕಿನಿ ಮೈಕ್ ಬಂದ್ ಮಾಡಿ ಕೂತಲ್ಲೇ ಕೂತಳು.

"ನಾ ಬರಂಗಿಲ್ಲ," ಎಂದಳು.

ಗವಸಿನವರು ಒಂದು ಹೆಜ್ಜೆ ಒಳಗಿಟ್ಟರು.

"ಅಕ್ಕಾ, ಮತ್ತ ಔಷಧ ಹಾಕು. ಆವಾಗ ಹಾಕಿದಿಯಲ್ಲಾ, ಅದನ್ನ. ಎಲ್ಲಾ ತೊಳದ ಹೋಗ್ಲಿ. ನಾ ಜೀವ ಇರೂತನಕ ಆ ಹಿಟ್ಟ ಕುಡೀತೀನಿ."

"ಇರೂದು ಒಂದ ಮೂತ್ರಪಿಂಡ. ಆ ಔಷಧ ಮತ್ತ ತಡಿಯಂಗಿಲ್ಲ, ಮಂದಾ. ಸಾಯ್ತಿ."

ಮಂದಾಕಿನಿ ಎರಡೂ ಕೈಯಿಂದ ತನ್ನ ಹೊಟ್ಟೆಯನ್ನು ಗುದ್ದಿಕೊಂಡಳು. ಒಮ್ಮೆ, ಎರಡು ಸಲ, ಆಮೇಲೆ ಬಿಡದೆ. ಗವಸಿನವರು ಬಂದು ಅವಳ ಕೈ ಹಿಡಿದರು, ಅವಳಿಗೆ ನೋವಾಗದಂತೆ, ಬಹಳ ಜೋಪಾನವಾಗಿ. ಅವಳು ಬೆಲೆಬಾಳುವವಳಾಗಿದ್ದಳು. ಹೊರಗೆ ಬಸ್ಸುಗಳು ಹಾರ್ನ್ ಹಾಕುತ್ತಿದ್ದವು. ಯಾವ ಗಾಡಿ ಎಲ್ಲಿ ನಿಲ್ಲುತ್ತದೆಂದು ಹೇಳುವವರಿಲ್ಲದೆ ಜನ ಗಂಟು ಹೊತ್ತುಕೊಂಡು ಅತ್ತಿಂದಿತ್ತ ಓಡುತ್ತಿದ್ದರು.

ಗಾಡಿಯಲ್ಲಿ ಅವಳು ಅಕ್ಕನ ಪಕ್ಕ ಕೂತಳು. ಮುಳಗುಂದ ನಾಕಾ ದಾಟಿದ ಮೇಲೆ ಅಕ್ಕನ ಕೈ ಹುಡುಕಿ ಹಿಡಿದುಕೊಂಡು, ಮುಂದೆ ಕೂತವರಿಗೆ ಕೇಳದಂತೆ ಪಿಸುಗುಟ್ಟಿದಳು.

"ಮುಕ್ತಾನ ಪರೀಕ್ಷಾ ನೀನ ಮಾಡಿದೇನ?"

ಶಿವಲೀಲಾ ಕಿಟಕಿಯ ಕಡೆ ತಿರುಗಿದಳು. "ನಾನ ಮಾಡಿದೆ. ಇಲ್ಲ ಅಕಿ ಹತ್ರ."

"ಇಲ್ಲಲಾ, ಖರೇ?" ಮಂದಾಕಿನಿ ಅವಳ ಮುಖವನ್ನೇ ನೋಡಿದಳು. "ಇದ್ರೂ ಬಾಯಿ ಬಿಡಬ್ಯಾಡ. ನನ್ನಾಣಿ. ಆ ಕೂಸಿಗೆ ಒಂದ ದಿನಾನೂ ಆ ಕೋಣಿ ಬ್ಯಾಡ. ನಾ ಹೆಂಗೂ ಹೊಂಟೀನಿ, ನಾ ಒಬ್ಬಾಕಿ ಸಾಕು."

ಹೇಳಿಬಿಡಬೇಕು ಎಂದು ಶಿವಲೀಲಾ ಬಾಯಿ ತೆರೆದಳು. ಕೇಂದ್ರದ ಗೇಟು ತೆರೆದುಕೊಂಡಿತು. ಗಾಡಿ ಒಳಗೆ ಹೋಗಿ ನಿಂತಿತು.

ಒಳಬಾಗಿಲ ಹತ್ತಿರ ಹೊಸಮನಿ ಕೈ ಜೋಡಿಸಿ ನಿಂತಿದ್ದರು. ಅವರ ಹಿಂದೆ ಕಿಟಕಿಗಳಲ್ಲಿ ತಾಯಂದಿರ ಮುಖಗಳು. ಒಬ್ಬಳು ಅಳುತ್ತ ನೆಲಕ್ಕೆ ಹಣೆ ಹಚ್ಚಿದಳು. ನರ್ಸ್ ಬಂದು ಶಿವಲೀಲಾಳ ಕೈಯನ್ನು ತಂಗಿಯ ಕೈಯಿಂದ ಬಿಡಿಸಿ, "ಗವಸು ಹಾಕ್ಕೋರಿ ಮೇಡಮ್, ಇನ್ನ ಮುಟ್ಟಂಗಿಲ್ಲ," ಎಂದಳು.

ಮಂದಾಕಿನಿ ಗಾಜಿನ ಬಾಗಿಲು ದಾಟಿದಳು. ಅದು ಮುಚ್ಚಿಕೊಂಡ ಮೇಲೆ ತಿರುಗಿ ನೋಡಿದಳು. ಅಕ್ಕ ಗೋಡೆಗೆ ಒರಗಿ ಬಿಕ್ಕಿ ಬಿಕ್ಕಿ ಅಳುತ್ತಿದ್ದಳು. ಮಂದಾಕಿನಿ ಗಾಜಿನ ಹತ್ತಿರ ಬಂದು, ಒಳಗಿನ ಮೈಕಿಗೆ ಬಾಯಿ ಕೊಟ್ಟು, ಸಮಾಧಾನ ಮಾಡುವ ದನಿಯಲ್ಲಿ ಕೇಳಿದಳು:

"ಅಳಬ್ಯಾಡಕ್ಕಾ. ಇದರಾಗ ನಿಂದೇನ ತಪ್ಪೈತಿ?"

ಶಿವಲೀಲಾ ಕಣ್ಣೊರೆಸಿಕೊಂಡಳು.

"ಏನೂ ಇಲ್ಲ," ಎಂದಳು.

ಮರುದಿನ ಮುಂಜಾನೆ ಗದಗದ ಕೇಂದ್ರದಿಂದ ಮತ್ತೆ ತಾಜಾ ಕ್ಯಾಪ್ಸೂಲ್‌ಗಳು ಹೊರಟವು.